ಪ್ಲೇಟಿನ ಹಿಂದೆ ನಿಲ್ಲುವ ಸೋದರಳಿಯನಿಗೆ

ಚಿ|| ಸೋದರಳಿಯನಿಗೆ ನಿನ್ನ ಮಾವನು ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ 11–12 ವಯಸ್ಸಿನ ಮಕ್ಕಳ ಪಂದ್ಯಗಳಿಗೆ ನೀನು ಪ್ಲೇಟ್ ಅಂಪೈರ್, ಅಂದರೆ ಬ್ಯಾಟರ್ ಆಡುವ ಪ್ಲೇಟಿನ ಹಿಂದೆ ನಿಂತು ತೀರ್ಪು ಕೊಡುವವನು, ಆಗಿರುವುದು ನನಗೆ ಬಹಳ ಸಂತೋಷದ ವಿಷಯ. ಚೆಂಡಿಗಿಂತ ಕೋಚ್‌ಗಳನ್ನು ಕಂಡರೇ ನಿನಗೆ ಹೆಚ್ಚು ಹೆದರಿಕೆಯಾಗುತ್ತದೆ ಎಂದು ಬರೆದಿದ್ದೀಯೆ. ಡಗೌಟ್‌ನಿಂದ (ತಂಡದವರು ಕೂರುವ ಜಾಗದಿಂದ) ಎದ್ದು ಬರುವ ಕೋಚ್‌ಗೆ ಏನು ಉತ್ತರ ಕೊಡಲಿ ಎಂದು ಯೋಚಿಸುವುದಕ್ಕೆ ಮೊದಲು, ಅವರು ತಂದಿರುವ ತಕರಾರು ನೀನು ಕಂಡದ್ದರ ಬಗ್ಗೆಯೋ ಅಥವಾ ನಿಯಮದ ಬಗ್ಗೆಯೋ ಎಂಬುದನ್ನು ಗುರುತಿಸಿಕೊ.

ಚೆಂಡು ಸ್ಟ್ರೈಕ್ ವಲಯದೊಳಗೆ (ಬ್ಯಾಟರ್ ಹೊಡೆಯಬೇಕಾದ ಜಾಗದೊಳಗೆ) ಬಂತೋ ಇಲ್ಲವೋ, ಬೇಸ್‌ಗೆ ಓಟಗಾರನ ಕಾಲು ಮೊದಲೋ ಚೆಂಡು ಮೊದಲೋ, ಇವೆಲ್ಲ ಅಂಪೈರನ ಕಣ್ಣಿಗೆ ಬಿಟ್ಟ ತೀರ್ಪುಗಳು. ಅವು ಅಂತಿಮವೆಂದು ನಿಯಮ ಪುಸ್ತಕವೇ ಹೇಳುತ್ತದೆ, ಅವುಗಳ ಮೇಲೆ ಪ್ರೊಟೆಸ್ಟ್ (ಅಧಿಕೃತ ಆಕ್ಷೇಪಣೆ) ಸಲ್ಲಿಸಲು ಅವಕಾಶವಿಲ್ಲ. "ನಾನು ಕಂಡದ್ದು ಹಾಗೆ, ಕೋಚ್" ಎಂದು ಒಂದೇ ಮಾತಿನಲ್ಲಿ ಮುಗಿಸು. ವಿವರಣೆ ಉದ್ದವಾದಷ್ಟೂ ತೀರ್ಪಿನಲ್ಲಿ ಚೌಕಾಸಿಗೆ ಜಾಗವಿದೆ ಎಂಬ ಆಸೆ ಅವರಲ್ಲಿ ಹುಟ್ಟುತ್ತದೆ.

ನೀನು ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದೀಯೆ ಎಂದು ಕೇಳಲು ಬರುವ ಮ್ಯಾನೇಜರ್‌ಗೆ (ತಂಡದ ಮುಖ್ಯ ಕೋಚ್‌ಗೆ) ಹಾಗೆ ಕೇಳುವ ಹಕ್ಕಿದೆ. ಅವರ ಮಾತನ್ನು ಪೂರ್ತಿ ಕೇಳು. ಆದರೆ ಗಟ್ಟಿಯಾಗಿ ಹೇಳಿದ ಮಾತೆಲ್ಲ ನಿಯಮವಲ್ಲ. ಬ್ಯಾಟ್ ಬೀಸಿದ ಹುಡುಗನ ಬೆರಳಿಗೆ ಚೆಂಡು ಬಡಿದಾಗ, "ಕೈ ಬ್ಯಾಟಿನದೇ ಭಾಗ, ಇದು ಫೌಲ್" ಎಂದು ಯಾರಾದರೂ ಕೂಗಿಯೇ ಕೂಗುತ್ತಾರೆ. ಕೈ ದೇಹದ ಭಾಗ. ಬೀಸಿದ್ದರಿಂದ ಅದು ಸ್ಟ್ರೈಕ್, ತಗುಲಿದ ಕ್ಷಣವೇ ಚೆಂಡು ಡೆಡ್, ಅಂದರೆ ಆಟ ಅಲ್ಲಿಗೇ ನಿಂತಂತೆ, ಓಟಗಾರರು ಮುಂದೆ ಹೋಗುವಂತಿಲ್ಲ. ಮೊದಲು ಆ ಹುಡುಗನ ಬೆರಳು ನೋಡು, ಆಮೇಲೆ ಕೋಚ್‌ಗೆ ಇಷ್ಟನ್ನು ಶಾಂತವಾಗಿ ಹೇಳು. ನಿನಗೇ ಸಂದೇಹವಿದ್ದರೆ ಜೊತೆಯ ಅಂಪೈರನ್ನು ಕರೆದು, ಕೋಚ್‌ಗಳಿಂದ ದೂರ ನಿಂತು ಮಾತಾಡಿಕೊ. ನೀನಾಗಿ ಕೇಳದ ಹೊರತು ಆ ಅಂಪೈರ್ ನಿನ್ನ ತೀರ್ಪಿನಲ್ಲಿ ತಲೆಹಾಕುವಂತಿಲ್ಲ, ಆದ್ದರಿಂದ ಕೇಳುವ ಹೊಣೆ ನಿನ್ನದೇ.

ಇನ್ನು ಎಸೆತಗಳ ಮಿತಿಯ ಮಾತು. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. 2007ರಲ್ಲಿ ಲಿಟಲ್ ಲೀಗ್ ಪಿಚರ್‌ಗಳಿಗೆ (ಚೆಂಡು ಎಸೆಯುವವರಿಗೆ) ಇನ್ನಿಂಗ್ಸ್ ಲೆಕ್ಕದ ಬದಲು ಎಸೆತಗಳ ಲೆಕ್ಕವನ್ನು ತಂದಿತು. ನಿನ್ನ ವಿಭಾಗದ ಮಕ್ಕಳಿಗೆ ದಿನಕ್ಕೆ 85 ಎಸೆತಗಳು. 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ 4 ದಿನಗಳ ವಿಶ್ರಾಂತಿ ಕಡ್ಡಾಯ. ಎಣಿಸುವವರು ನಿನಗೆ ತಿಳಿಸುತ್ತಾರೆ, ನೀನು ಮ್ಯಾನೇಜರ್‌ಗೆ ತಿಳಿಸಬೇಕು. ಒಬ್ಬ ಬ್ಯಾಟರ್‌ಗೆ ಎಸೆಯುತ್ತಿರುವಾಗ ಮಿತಿ ಮುಟ್ಟಿದರೆ ಆ ಬ್ಯಾಟರ್‌ನ ಸರದಿ ಮುಗಿಸಬಹುದು, ಅಷ್ಟೇ ರಿಯಾಯಿತಿ. ಆರನೆಯ ಇನ್ನಿಂಗ್ಸ್, ಒಂದು ರನ್ನಿನ ಮುನ್ನಡೆ, ಎರಡು ಔಟ್ ಆಗಿರುವಾಗ ಕೋಚ್ ನಿನ್ನ ಹತ್ತಿರ ಬಂದು, ಇನ್ನೊಬ್ಬ ಬ್ಯಾಟರ್‌ಗೆ ಮಾತ್ರ ಬಿಡಿ, ನೋವಿಲ್ಲ ಎಂದು ಹುಡುಗನೇ ಹೇಳುತ್ತಿದ್ದಾನೆ ಎನ್ನಬಹುದು. ಹೆತ್ತವರೂ ತಂಡದವರೂ ನೋಡುತ್ತಿರುವಾಗ ಹನ್ನೆರಡು ವರ್ಷದ ಹುಡುಗ ಬೇರೇನು ಹೇಳಿಯಾನು? ಆ ವಯಸ್ಸಿನಲ್ಲಿ ಮೊಣಕೈಯ ಮೂಳೆ ಬೆಳೆಯುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ; ಮತ್ತೆಮತ್ತೆ ಎಸೆದು ಅಲ್ಲಿ ಆಗುವ ಪೆಟ್ಟಿಗೆ ವೈದ್ಯರು 'ಲಿಟಲ್ ಲೀಗರ್ಸ್ ಎಲ್ಬೋ' ಎಂದೇ ಕರೆಯುತ್ತಾರೆ. ಆದರೆ ಮೈದಾನದಲ್ಲಿ ವೈದ್ಯಶಾಸ್ತ್ರದ ಚರ್ಚೆಗೆ ಇಳಿಯಬೇಡ. ಎಸೆತಗಳ ಸಂಖ್ಯೆ ಹೇಳು, ಪಿಚರ್ ಬದಲಾಗಬೇಕೆಂದು ಹೇಳು, ಬದಲಾಗುವವರೆಗೆ ಆಟ ಮುಂದುವರಿಸಬೇಡ. ಆ ಹೊತ್ತಿನಲ್ಲಿ ಆ ಮಗುವಿನ ತೋಳಿನ ಪರವಾಗಿ ಮಾತನಾಡಲು ನಿನ್ನನ್ನು ಬಿಟ್ಟರೆ ಅಲ್ಲಿ ಬೇರೆ ಯಾರೂ ಇಲ್ಲದಿರಬಹುದು.

ಸಣ್ಣ ನಿಯಮಗಳನ್ನು ಮೊದಲ ಇನ್ನಿಂಗ್ಸ್‌ನಿಂದಲೇ ಪಾಲಿಸುವಂತೆ ಮಾಡು. ನಿನ್ನ ವಿಭಾಗದಲ್ಲಿ ಮುಂದಿನ ಬೇಸ್‌ಗೆ ತಲೆ ಮುಂದಾಗಿ ಜಾರಿದ ಓಟಗಾರ ಔಟ್. ಎರಡನೆಯ ಇನ್ನಿಂಗ್ಸ್‌ನಲ್ಲಿ ಅದನ್ನು ಕಂಡೂ ಬಿಟ್ಟು, ಆರನೆಯದರಲ್ಲಿ ಗೆಲುವಿನ ಓಟಗಾರನನ್ನು ಅದೇ ಕಾರಣಕ್ಕೆ ಔಟ್ ಕೊಟ್ಟರೆ ಕೋಚ್‌ಗೆ ಬರುವ ಕೋಪ ನ್ಯಾಯವಾದದ್ದೇ ಎಂದು ನಾನು ಹೇಳುತ್ತೇನೆ. ಪಂದ್ಯಕ್ಕೆ ಮುಂಚೆ ಪ್ಲೇಟಿನ ಬಳಿ ಇಬ್ಬರು ಮ್ಯಾನೇಜರ್‌ಗಳೂ ಸೇರಿದಾಗಲೇ ಇದನ್ನು ಒಮ್ಮೆ ನೆನಪಿಸಿಬಿಡು.

ಬೈಗುಳಕ್ಕೆ ಇಳಿದವರನ್ನು ಸ್ಪಷ್ಟವಾಗಿ ಎಚ್ಚರಿಸು, ನಿಲ್ಲಿಸದಿದ್ದರೆ ಹೊರಗೆ ಕಳುಹಿಸು. ಹಾಗೆ ಹೊರಗೆ ಹೋದವರು ಆ ತಂಡದ ಮುಂದಿನ ಪಂದ್ಯಕ್ಕೂ ಬರುವಂತಿಲ್ಲವಾದ್ದರಿಂದ ಕೋಪದಲ್ಲಿ ಆ ಅಧಿಕಾರವನ್ನು ಬಳಸಬೇಡ. ಬಳಸಿದ ಮೇಲೆ ಒಂದು ಮಾತನ್ನೂ ಸೇರಿಸದೆ ಅಲ್ಲಿಂದ ಸರಿದು ನಿಲ್ಲು. ಅವರಾಡಿದ ಮಾತನ್ನು ಆಡಿದ ಹಾಗೆಯೇ ಅದೇ ಸಂಜೆ ವರದಿಯಲ್ಲಿ ಬರೆ.

ನಿಮ್ಮ ಮೈದಾನದಲ್ಲಿ ಎಸೆತ ಎಣಿಸುವವರು ಯಾರೆಂದು ನೀನು ಬರೆದಿಲ್ಲ. ಅದು ಗೊತ್ತಾಗದೆ ಮುಂದಿನ ಪಂದ್ಯವನ್ನು ಶುರು ಮಾಡಬೇಡ. ಲೀಗ್‌ನವರನ್ನು ಇಂದೇ ಕೇಳಿ ನನಗೂ ತಿಳಿಸು.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ಸೋದರಮಾವ