ಅಡ್ವಾನ್ಸ್ ಕೊಡುವ ಮೊದಲು ಬನ್ನಿ: ಆಸ್ತಿ ಪತ್ರಗಳ ಪರಿಶೀಲನೆಯಲ್ಲಿ ಬದಲಾವಣೆ

ಆತ್ಮೀಯ ಗ್ರಾಹಕರೇ,

ಇನ್ನು ಮುಂದೆ ಫೋನಿಗೆ ಕಳಿಸಿದ ಫೋಟೋ ಅಥವಾ ಜೆರಾಕ್ಸ್ ನೋಡಿ ಯಾವ ಜಾಗದ ಬಗ್ಗೆಯೂ ನಮ್ಮ ಕಚೇರಿ ಅಭಿಪ್ರಾಯ ಕೊಡುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲುಗಳನ್ನು ನಾವೇ ತೆಗೆಸುತ್ತೇವೆ, ಜಾಗಕ್ಕೂ ಹೋಗಿ ನೋಡುತ್ತೇವೆ, ಆಮೇಲೆ ಕ್ರಯದ ಕರಾರು ಬರೆಯುತ್ತೇವೆ. ಮೊದಲಿಗಿಂತ ಜಾಸ್ತಿ ದಿನ ಹಿಡಿಯುತ್ತದೆ. ಬೇರೆ ಗಿರಾಕಿ ಕಾಯ್ತಿದ್ದಾರೆ, ನಾಳೆಯೇ ಕರಾರು ಆಗಬೇಕು ಅಂತ ಮಾರುವವರು ಒತ್ತಾಯ ಮಾಡಿದರೂ ಅಷ್ಟೇ.

ನಮ್ಮ ಹತ್ತಿರ ಬರುವ ತಕರಾರುಗಳಲ್ಲಿ ಹೆಚ್ಚಿನವು ಅಡ್ವಾನ್ಸ್ ಕೊಟ್ಟಾದ ಮೇಲೆ ಬರುತ್ತವೆ. 'ಇಸಿ ಸರಿಯಾಗೇ ಇತ್ತಲ್ಲ' ಅಂತ ಜನ ಸಂಕಟಪಡುತ್ತಾರೆ. ಇಸಿಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ, ಅದೂ ನೀವು ಕೇಳಿದಷ್ಟು ವರ್ಷದ್ದು. ನೋಂದಣಿ ಮಾಡಿಸದ ಹಳೇ ಕರಾರು ಅಲ್ಲಿ ಬರುವುದಿಲ್ಲ, ಪಾಲು ಕೇಳಿ ಮಾರುವವರ ತಂಗಿ ಹಾಕಿರುವ ದಾವೆ ಬರಬೇಕೆಂದೂ ಇಲ್ಲ. ದಾವೆ ನಡೆಯುತ್ತಿರುವಾಗ ಕೊಂಡರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ ಅದರ ತೀರ್ಪಿಗೆ ನೀವೂ ಬದ್ಧರು. ನನಗೆ ಗೊತ್ತೇ ಇರಲಿಲ್ಲ ಅಂದರೆ ನಡೆಯುವುದಿಲ್ಲ. ಪಿತ್ರಾರ್ಜಿತ ಆಸ್ತಿ ಆದರೆ ವಂಶವೃಕ್ಷವನ್ನೂ ಕೇಳುತ್ತೇವೆ, ಯಾಕೆಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಇದೆ, ಆಗ ತಂದೆ ಬದುಕಿರಲೇಬೇಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆಯಾಗಿ ಹೋದವರ ಸಹಿ ಯಾಕೆ ಅಂತ ಯಾರಾದರೂ ಕೇಳಿದರೆ ದಯವಿಟ್ಟು ಒಪ್ಪಬೇಡಿ.

ಫೋಟೋ ಕಳಿಸುವಾಗ ಹೆಚ್ಚಾಗಿ ಬಿಟ್ಟುಹೋಗುವುದು ಕ್ರಯಪತ್ರದ ಷೆಡ್ಯೂಲ್ ಪುಟ. ಅಳತೆ, ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಎಲ್ಲ ಇರುವುದು ಅಲ್ಲೇ. ಹಳೇ ಪತ್ರದಲ್ಲಿ 'ಪೂರ್ವಕ್ಕೆ: ಇದೇ ಸ್ವತ್ತಿನ ಉಳಿಕೆ ಭಾಗ' ಅಂತ ಇದ್ದದ್ದು ಹೊಸ ಪತ್ರದಲ್ಲಿ 'ಪೂರ್ವಕ್ಕೆ: ರಸ್ತೆ' ಅಂತ ಆಗಿದ್ದರೆ, ಆ ರಸ್ತೆ ಯಾವಾಗ ಬಂತು, ಯಾರ ಜಾಗದಲ್ಲಿ ಬಂತು ಅಂತ ತಿಳಿಯಲೇಬೇಕು, ಇಲ್ಲದಿದ್ದರೆ ನಿಮ್ಮ ಗೇಟಿನಿಂದ ಹೊರಗೆ ಕಾಲಿಡಲು ಪಕ್ಕದವರ ಒಪ್ಪಿಗೆ ಕೇಳುವ ಪರಿಸ್ಥಿತಿ ಬರಬಹುದು. ಪತ್ರದಲ್ಲಿ ಖಾಲಿ ಅಂತ ಬರೆದ ಮನೆಯ ತಂತಿಯ ಮೇಲೆ ಬಟ್ಟೆ ಒಣಗುತ್ತಿದ್ದರೂ ಹಾಗೆಯೇ. ಒಳಗೆ ಇರುವವರಿಗೆ ಏನು ಹಕ್ಕಿದೆಯೋ ಅದು ಕೊಳ್ಳುವವರಿಗೆ ಗೊತ್ತಿತ್ತು ಅಂತಲೇ ಕಾನೂನು ಭಾವಿಸುತ್ತದೆ. ನಾವು ಸ್ಥಳಕ್ಕೆ ಹೋಗುವುದು ಇದಕ್ಕೇ.

ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಮಾಡಿಕೊಟ್ಟು ಜಾಗ ಮಾರುವ ಕಾಗದಗಳನ್ನೂ ಇನ್ನು ಬರೆಯುವುದಿಲ್ಲ. ಅದರಿಂದ ಒಡೆತನ ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ದೂರದಲ್ಲಿರುವ ಮಾಲೀಕರು ತಮ್ಮ ಪರವಾಗಿ ಸಹಿ ಹಾಕಲು ಅಣ್ಣನಿಗೋ ಮಗಳಿಗೋ ಕೊಡುವ ಜಿಪಿಎ ಬೇರೆ ಮಾತು, ಅದನ್ನು ಖಂಡಿತ ಮಾಡಿಕೊಡುತ್ತೇವೆ.

ಮನೆ ಬಾಡಿಗೆಗೆ ಕೊಡುವವರಿಗೆ ಬದಲಾವಣೆ ಚಿಕ್ಕದು. 11 ತಿಂಗಳ ಕರಾರು ಮೊದಲಿನಂತೆಯೇ ಸಿಗುತ್ತದೆ, ಒಂದು ವರ್ಷ ಮೀರುವುದಾದರೆ ನೋಂದಣಿ ಮಾಡಿಸಲೇಬೇಕು. ಜೊತೆಗೆ ಮನೆಯಲ್ಲಿ ಏನೇನಿದೆ ಅನ್ನುವ ಪಟ್ಟಿಗೆ ಕೀಲಿ ಕೊಡುವ ದಿನವೇ ಇಬ್ಬರ ಸಹಿ ಹಾಕಿಸುತ್ತೇವೆ, ಅಡ್ವಾನ್ಸ್ ವಾಪಸ್ ಕೊಡುವಾಗ ಆಗುವ ಜಗಳ ಅರ್ಧ ಅಲ್ಲೇ ಮುಗಿಯುತ್ತದೆ. 12 ವರ್ಷ ಇದ್ದರೆ ಮನೆ ಬಾಡಿಗೆದಾರರದ್ದೇ ಆಗುತ್ತದಂತೆ ಅಂತ ಬಹಳ ಜನ ಹೆದರುತ್ತಾರೆ. ಒಪ್ಪಿಗೆಯಿಂದ ಇರುವವರಿಗೆ ಸುಮ್ನೆ ವರ್ಷ ಕಳೆದ ಮಾತ್ರಕ್ಕೆ ಒಡೆತನ ಬರುವುದಿಲ್ಲ. ಆದರೆ ಅವರು ಬಾಡಿಗೆಗೆ ಇದ್ದಾರೆ ಅಂತ ತೋರಿಸಲು ಕಾಗದ ಬೇಕಲ್ವಾ? ಬಾಡಿಗೆ ನಗದಿನಲ್ಲಿ ತೆಗೆದುಕೊಂಡರೂ ರಸೀದಿ ಕೊಡಿ, ಅದರ ನಕಲು ಇಟ್ಟುಕೊಳ್ಳಿ.

ಶುಲ್ಕದ ವಿಷಯ. ಪರಿಶೀಲನೆಯ ಶುಲ್ಕವನ್ನು ನೋಂದಣಿಯ ದಿನದವರೆಗೆ ಕಾಯದೆ ಮೊದಲೇ, ಬೇರೆಯಾಗಿ ತೆಗೆದುಕೊಳ್ಳುತ್ತೇವೆ. ನೀವು ಕೊಂಡರೂ ಬಿಟ್ಟರೂ ಅದು ಒಂದೇ. ಈ ಜಾಗ ಬೇಡ ಅಂತ ನಿಮಗೆ ಮುಖ ನೋಡಿ ಹೇಳಲು ನಮಗೆ ಯಾವ ಹಿಂಜರಿಕೆಯೂ ಇರಬಾರದು. ಈಗಾಗಲೇ ಕಾಗದ ಕೊಟ್ಟಿರುವವರಿಗೆ ಹಳೇ ಶುಲ್ಕವೇ, ನಕಲು ತೆಗೆಸುವ ಸರ್ಕಾರಿ ಖರ್ಚು ಮಾತ್ರ ಸೇರುತ್ತದೆ. ಬರುವಾಗ ಮೂಲಪತ್ರ, ಇಸಿ, ಖಾತೆ, ಕಂದಾಯದ ರಸೀದಿ ತನ್ನಿ. ಎಲ್ಲ ಸಿಗದಿದ್ದರೆ ಇದ್ದಷ್ಟೇ ತನ್ನಿ, ಉಳಿದದ್ದನ್ನು ನಾವು ಹುಡುಕುತ್ತೇವೆ.

ಇಂತಿ,
ಕಚೇರಿಯ ಎಲ್ಲರ ಪರವಾಗಿ