ಸೆನ್ಸರ್ ಪಟ್ಟಿಯ ಹಿಂದೆ ದುಡಿದವರಿಗೆ ಧನ್ಯವಾದ

ಮಂಡಿಯ ಶಸ್ತ್ರಚಿಕಿತ್ಸೆ ಆದವರ ತೊಡೆಯ ಸ್ನಾಯು ಎಷ್ಟು ದುಡಿಯುತ್ತಿದೆ ಎಂದು ತೊಡೆಗೆ ಕಟ್ಟುವ ಸೆನ್ಸರ್ ಪಟ್ಟಿಯಿಂದ ಅಳೆಯುವ ಕೆಲಸದ ಮೊದಲ ಹಂತ ಮುಗಿದಿದೆ. ಪರದೆಯ ಮೇಲಿನ ಗೆರೆಯನ್ನು ನಂಬುವಂತೆ ಮಾಡಿದ ಎಲ್ಲರಿಗೂ ವಂದನೆ.

ಫಿಸಿಯೋಥೆರಪಿಸ್ಟ್‌ಗಳೇ, ಪ್ರತಿ ಸಲವೂ ಕೂದಲು ತೆಗೆದು, ಸ್ಪಿರಿಟ್‌ನಲ್ಲಿ ಚರ್ಮ ಒರೆಸಿ, ಅದು ಪೂರ್ತಿ ಆರಿದ ಮೇಲಷ್ಟೇ ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿಯುವ ಎಲೆಕ್ಟ್ರೋಡ್‌ಗಳನ್ನು ಅಂಟಿಸಿದಿರಿ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 20 ಮಿಲಿಮೀಟರ್, ಅದೂ ಸ್ನಾಯುವಿನ ಎಳೆಗಳು ಸಾಗುವ ದಿಕ್ಕಿನಲ್ಲಿ. ಜಾಗ ಸ್ವಲ್ಪ ಸರಿದರೂ ಸಂಕೇತ ಏರುಪೇರಾಗುತ್ತದೆ, ಸ್ನಾಯು ಬಲಗೊಂಡಿತೆಂಬ ಸುಳ್ಳು ಸಮಾಧಾನ ಸಿಗಬಹುದು. ಎಲೆಕ್ಟ್ರೋಡ್ ಜಾಗದ ಪೆನ್ನಿನ ಗುರುತನ್ನು ಅಳಿಸಿಹೋಗುವ ಮೊದಲೇ ಮತ್ತೆ ಮತ್ತೆ ತಿದ್ದದಿದ್ದರೆ ಒಂದು ವಾರವನ್ನು ಇನ್ನೊಂದರ ಜೊತೆ ಹೋಲಿಸಲು ಆಗುತ್ತಲೇ ಇರಲಿಲ್ಲ. ಹೊಸ ಗಾಯದ ಕಾಲಿನಿಂದ ಪೂರ್ಣ ಬಲ ಹಾಕಿಸಬಾರದು; ಹಾಗಾಗಿ ಪ್ರತಿ ಸಲ ಅದೇ ಕೋನ, ಅದೇ ಹಗುರ ಭಾರದ ವ್ಯಾಯಾಮವನ್ನು ಅಳತೆಗೋಲಾಗಿ ಇಟ್ಟುಕೊಂಡದ್ದು ಸರಿಯಾದ ನಿರ್ಧಾರ.

ತಂತ್ರಜ್ಞರಿಗೂ ಋಣಿಗಳು. ವಿದ್ಯುತ್ ಲೈನಿನ 50 ಅಥವಾ 60 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಗುಂಯ್‌ಗುಡುವಿಕೆ ಕಂಡಾಗ ಫಿಲ್ಟರ್ ಹಾಕಿ ಮುಚ್ಚಿಬಿಡುವುದು ಸುಲಭವಿತ್ತು. ಆದರೆ ಸ್ನಾಯುವಿನ ನಿಜವಾದ ಸಂಕೇತವೂ ಅದೇ ಆಸುಪಾಸಿನಲ್ಲಿ ತುಂಬಿರುತ್ತದೆ. ನೀವು ಒಣಗಿದ ಜೆಲ್, ಹೋಲಿಕೆಗೆಂದು ಮೂಳೆಯ ಮೇಲಿನ ಚರ್ಮಕ್ಕೆ ಅಂಟಿಸಿ ಸಡಿಲವಾಗಿದ್ದ ರೆಫರೆನ್ಸ್ ಎಲೆಕ್ಟ್ರೋಡ್ ಹುಡುಕಿ ಬದಲಿಸಿದಿರಿ. 20 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ ತೆಗೆದಿರಿ. ಅಲ್ಲಿ ಬಹುಪಾಲು ಇರುವುದು ತಂತಿಯ ಓಲಾಟ, ಚರ್ಮದ ಜಾರಾಟ.

ಎಲ್ಲರಿಗಿಂತ ಹೆಚ್ಚಿನ ಕೃತಜ್ಞತೆ ಪಟ್ಟಿ ಕಟ್ಟಿಕೊಂಡು ವ್ಯಾಯಾಮ ಮಾಡಿದವರಿಗೆ. ನೋವು ಎಷ್ಟು, ಊತ ಎಷ್ಟು ಎಂದು ದಿನವೂ ಬರೆದಿಟ್ಟಿರಿ. ಈ ಸೆನ್ಸರ್ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಮಾತ್ರ ಹೇಳುತ್ತದೆ. ಮೂಳೆಗಳನ್ನು ಜೋಡಿಸುವ ಅಸ್ಥಿರಜ್ಜಿನ (ಲಿಗಮೆಂಟ್) ಮೇಲೆ ಎಷ್ಟು ಎಳೆತ ಬಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ಕೀಲಿನಲ್ಲಿ 20–30 ಮಿಲಿಲೀಟರ್ ದ್ರವ ತುಂಬಿದರೂ ಸಾಕು, ತೊಡೆಯ ಒಳಬದಿಯ ಸ್ನಾಯುವಿಗೆ ನರಗಳಿಂದ ಬರುವ ಆಜ್ಞೆ ತಗ್ಗುತ್ತದೆ. ನಿಮ್ಮ ಟಿಪ್ಪಣಿ ಇಲ್ಲದಿದ್ದರೆ ಇಳಿದ ಗೆರೆಯನ್ನು ಕಂಡು 'ಪ್ರಯತ್ನ ಸಾಲದು' ಎಂದು ಇನ್ನಷ್ಟು ಭಾರ ಹೇರುವ ಅಪಾಯವಿತ್ತು.

ಅದೇ ಭಾರಕ್ಕೆ ಸಂಕೇತದ ಎತ್ತರ ಏರುತ್ತ, ಆವರ್ತನ ಇಳಿಯುತ್ತ ಹೋದರೆ ಸ್ನಾಯು ದಣಿದಿದೆ ಎಂದರ್ಥ. ಆಗ 'ಇನ್ನೆರಡು ಸಲ ಮಾಡ್ತೀನಿ' ಎನ್ನದೆ ನಿಲ್ಲಿಸಿದಿರಿ. ಬೆವರಿಗೆ ಅಂಟು ಬಿಟ್ಟ ದಿನ ಅಳತೆಯನ್ನು ಹಾಗೇ ಮುಂದುವರಿಸದೆ, ಕಾಲು ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಿರಿ. ನಿಮಗೆಲ್ಲ ಹೃತ್ಪೂರ್ವಕ ಧನ್ಯವಾದಗಳು.