ಪಾರ್ಟಿ ಸಲುವಾಗಿ ಮಾತು ಬಿಡಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರೀ,

ಗ್ರಾಮ ಪಂಚಾಯ್ತಿ ಎಲೆಕ್ಷನ್‌ದಾಗ ಪಾರ್ಟಿ ಚಿಹ್ನಿನ ಇರೂದಿಲ್ಲ, ಆದ್ರೂ ನಮ್ಮ ಗದಗ ಜಿಲ್ಲಾದ ಹಳ್ಳ್ಯಾಗ ಮನಿಮನಿ ಪಾರ್ಟಿ ಮ್ಯಾಲೆ ಒಡದಾವು. ನಮ್ಮ ಓಣ್ಯಾಗ ಒಂದ ಗೋಡಿ ಹಂಚ್ಕೊಂಡ ಅಣ್ಣತಮ್ಮ, ಎಳ್ಳಮಾಸಿಗೆ ಭೂಮ್ತಾಯಿಗೆ ಎಡಿ ಕೊಡು ಚರಗ ಚೆಲ್ಲಾಕ ಒಂದ ಹೊಲಕ್ಕ ಬಂದ್ರೂ ಒಬ್ರು ಬನ್ನಿ ಗಿಡದ ಬುಡಕ, ಇನ್ನೊಬ್ರು ಬದುವಿನ ಮ್ಯಾಲೆ ಬುತ್ತಿ ಬಿಚ್ಚಿದ್ರು, ಹುಡುಗ್ರಷ್ಟ ಎರಡೂ ಕಡೆ ಓಡ್ಯಾಡಿ ಸಜ್ಜಿ ರೊಟ್ಟಿ ಎಣ್ಣಿಗಾಯಿ ತಿಂದ್ರು. ಜಗಳ ಏನಂದ್ರ ವಾಟ್ಸಾಪ್ ಸ್ಟೇಟಸ್‌ಗೆ ಲೀಡರ್ ಫೋಟೊ ಹಾಕಿದ್ದು! ಆ ಲೀಡರ್‌ಗೋಳು ವಿರೋಧಿ ಮನಿ ಮದವ್ಯಾಗ ಒಂದ ಸಾಲಿನ್ಯಾಗ ಕುಂತು ಉಣ್ತಾರ, ಅದು ತಪ್ಪಲ್ಲ, ಮನುಷ್ಯಾರು ಹಂಗ ಇರಬೇಕು, ನಮಗ್ಯಾಕ ಅದು ಬರವಲ್ದು ಅನ್ನೂದ ನನ್ನ ಸಂಕಟ. ಮುಂದಿನ ಎಲೆಕ್ಷನ್ ಬರೂದ್ರೊಳಗ ಊರ ಹಿರ್ಯಾರು ಇಂಥಾ ಮಾತು ಬಿಟ್ಟವ್ರನ್ನ ಕುಂದ್ರಿಸಿ ಮಾತಾಡಸ್ರಿ.

– ಒಬ್ಬ ಓದುಗ, ರೋಣ ತಾಲೂಕು